ಹಾಡಿನ ಲಯಕ್ಕೆ ಗ್ರಿಡ್ ಹೊಂದಬೇಕು

ಮಾನ್ಯ ಸಂಪಾದಕರೇ,

ಹಾಡುಗಳನ್ನು ಭಾಗಭಾಗವಾಗಿ ಧ್ವನಿಮುದ್ರಿಸಿಕೊಂಡು, ಆ ತುಂಡುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಜೋಡಿಸಿ ಸಿದ್ಧಪಡಿಸುವ ಪದ್ಧತಿಯ ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ನಡೆದ ಚರ್ಚೆಯನ್ನು ಓದಿದೆ. ಇಂಥವು ಹಾಡುಗಳೇ ಅಲ್ಲ, ಬರೀ ಕತ್ತರಿಯ ಕರಾಮತ್ತು ಎಂಬುದು ಹಿರಿಯರಾದ ಕೆಲವರ ಆಕ್ಷೇಪ. ತಂತ್ರಾಂಶವೇ ಎಲ್ಲವನ್ನೂ ತಾಳಕ್ಕೆ ಸರಿಯಾಗಿ ಕೂರಿಸಿಕೊಡುವಾಗ ವರ್ಷಗಟ್ಟಲೆ ಲಯದ ಅಭ್ಯಾಸ ಏಕೆ ಬೇಕು ಎಂಬುದು ಕಿರಿಯರಾದ ಕೆಲವರ ಉತ್ತರ. ಭಾವಗೀತೆ, ವಚನ ಮತ್ತು ಜನಪದ ಗೀತೆಗಳ ಧ್ವನಿಮುದ್ರಣ ಹಾಗೂ ಸಂಕಲನವನ್ನು ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಈ ಎರಡೂ ವಾದಗಳು ಒಂದೇ ಕಡೆ ಎಡವಿದಂತೆ ಕಾಣುತ್ತವೆ. ಕ್ಲಿಪ್‌ಗಳ, ಅಂದರೆ ಆ ಧ್ವನಿತುಂಡುಗಳ, ಜೋಡಣೆಯನ್ನು ಯಂತ್ರದ ಕೆಲಸವೆಂದು ಇಬ್ಬರೂ ಒಪ್ಪಿಕೊಂಡೇ ಮಾತು ಶುರುಮಾಡುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ತಾಳಜ್ಞಾನದ ಕೆಲಸ. ಹಾಡಿನ ಲಯಕ್ಕೆ ಪರದೆಯ ಗ್ರಿಡ್, ಅಂದರೆ ಕಾಲವನ್ನು ಅಳೆಯುವ ಗೆರೆಗಳ ಚೌಕಟ್ಟು, ಹೊಂದಬೇಕೇ ಹೊರತು, ಗ್ರಿಡ್‌ಗೆ ಹಾಡನ್ನು ಎಳೆದು ಕೂರಿಸಬಾರದು. ಇದನ್ನು ಸ್ವಲ್ಪ ವಿವರವಾಗಿಯೇ ನಿವೇದಿಸಿಕೊಳ್ಳಲು ಅವಕಾಶ ಕೋರುತ್ತೇನೆ.

ಕತ್ತರಿಸುವುದು ಎಂಬ ಮಾತು ಕಿವಿಗೆ ಬಿದ್ದೊಡನೆ ಹಾಡಿದ್ದೇನೋ ನಾಶವಾಯಿತು ಎಂಬ ಭಾವನೆ ಹಲವರಲ್ಲಿ ಮೂಡುತ್ತದೆ. ಈಗಿನ ತಂತ್ರಾಂಶಗಳಲ್ಲಿ ಹಾಗೆ ಏನೂ ನಾಶವಾಗುವುದಿಲ್ಲ. ಗಾಯಕರು ಹಾಡಿದ್ದು ಹಾಡಿದಂತೆಯೇ ಒಂದು ಕಡತದಲ್ಲಿ ಉಳಿದಿರುತ್ತದೆ. ಪರದೆಯ ಕಾಲರೇಖೆಯಾದ ಟೈಮ್‌ಲೈನ್ ಮೇಲೆ ನಮಗೆ ಕಾಣುವ ಕ್ಲಿಪ್ ಎನ್ನುವುದು ಆ ಕಡತದ ಇಂಥ ಜಾಗದಿಂದ ಇಂಥ ಜಾಗದವರೆಗಿನ ಧ್ವನಿಯನ್ನು ಹಾಡಿನ ಇಂಥ ಕ್ಷಣದಲ್ಲಿ ನುಡಿಸು ಎಂಬ ಒಂದು ಸೂಚನೆ ಮಾತ್ರ. ಕ್ಲಿಪ್‌ನ ಅಂಚನ್ನು ಹಿಡಿದು ಒಳಕ್ಕೆ ತಳ್ಳಿದರೆ ಧ್ವನಿ ಮರೆಯಾಗುತ್ತದೆ, ಹೊರಕ್ಕೆ ಎಳೆದರೆ ಮತ್ತೆ ಬರುತ್ತದೆ. ಧ್ವನಿ ಸಂಕಲನದ ತಂತ್ರಾಂಶಗಳಲ್ಲಿ ಆರ್ಡೋರ್ ಮತ್ತು ಲಾಜಿಕ್ ಇದನ್ನು ರೀಜನ್ ಎನ್ನುತ್ತವೆ, ಕ್ಯೂಬೇಸ್ ಈವೆಂಟ್ ಎನ್ನುತ್ತದೆ, ರೀಪರ್ ಐಟಂ ಎನ್ನುತ್ತದೆ. ಪ್ರೋ ಟೂಲ್ಸ್ 2011ರ 10ನೇ ಆವೃತ್ತಿಯಲ್ಲಿ ರೀಜನ್ ಎಂಬುದನ್ನು ಬಿಟ್ಟು ಕ್ಲಿಪ್ ಎಂದು ಕರೆಯತೊಡಗಿತು. ನಮ್ಮಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಆಡಾಸಿಟಿಗೆ ಈ ಅಂಚು ಎಳೆಯುವ ಸೌಲಭ್ಯ ಬಂದದ್ದು 2021ರ 3.1ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅದರಲ್ಲಿ ಅಳಿಸಿದ್ದನ್ನು ವಾಪಸು ಪಡೆಯಲು ಅನ್‌ಡೂ ಒಂದೇ ದಾರಿಯಾಗಿತ್ತಾದ್ದರಿಂದ ಹಳೆಯ ಬಳಕೆದಾರರಲ್ಲಿ ಆ ಭಯ ಇನ್ನೂ ಉಳಿದಿರಬಹುದು.

ನಿಜವಾದ ಕತ್ತರಿಯ ಕಾಲ ಟೇಪಿನದು. ಕಾಲು ಇಂಚು ಅಗಲದ ಟೇಪನ್ನು ಲೋಹದ ಅಚ್ಚಿನ ಮೇಲಿಟ್ಟು, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ಟೇಪು ಸೆಕೆಂಡಿಗೆ 15 ಇಂಚು ಓಡುವಾಗ ಒಂದು ಸೆಕೆಂಡಿನ ನೂರನೆಯ ಒಂದು ಭಾಗವೆಂದರೆ ಸುಮಾರು 4 ಮಿಲಿಮೀಟರ್. ಅಷ್ಟನ್ನು ಕಣ್ಣು ಮತ್ತು ಕಿವಿಗಳೆರಡರಿಂದಲೂ ಅಳೆಯಬಲ್ಲವರು ಆ ಕಾಲದ ಸಂಕಲನಕಾರರು. ಕೊಯ್ಲು ಓರೆಯಾಗಿರುತ್ತಿದ್ದುದಕ್ಕೂ ಕಾರಣವಿತ್ತು: ಒಂದು ಧ್ವನಿ ಇಳಿಯುತ್ತಿರುವಂತೆಯೇ ಇನ್ನೊಂದು ಏರಬೇಕು, ಟಕ್ ಎಂಬ ಸದ್ದು ಬರಬಾರದು. ಇಂದು ನಾವು ಕ್ರಾಸ್‌ಫೇಡ್ ಎಂದು ಮೌಸ್‌ನಿಂದ ಎಳೆಯುವುದು ಆ ಓರೆ ಕೊಯ್ಲನ್ನೇ.

ಜೋಡಿಸಿದ್ದು ಸಂಗೀತವಲ್ಲ ಎನ್ನುವವರು ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಅವರ ನಿಲುವನ್ನು ಗಮನಿಸಬೇಕು. 1964ರಲ್ಲಿ ಕಛೇರಿ ವೇದಿಕೆಯನ್ನೇ ತೊರೆದು ಧ್ವನಿಮುದ್ರಣಕ್ಕೆ ಮೀಸಲಾದ ಅವರು, ಜರ್ಮನ್ ಸಂಗೀತಕಾರ ಬಾಖ್‌ನ ಒಂದು ಫ್ಯೂಗ್ (ಒಂದೇ ಎಳೆ ಹಲವು ಧ್ವನಿಗಳಲ್ಲಿ ಮರುಕಳಿಸುವ ರಚನೆ) ತಮ್ಮ ಕೈಯಲ್ಲಿ ಹೇಗೆ ರೂಪುಗೊಂಡಿತೆಂದು 1966ರಲ್ಲಿ ಬರೆದಿದ್ದಾರೆ. ತೃಪ್ತಿಕರವೆನಿಸಿದ ಎರಡು ಟೇಕ್‌ಗಳಲ್ಲಿ, ಅಂದರೆ ಒಂದೇ ರಚನೆಯನ್ನು ಬೇರೆ ಬೇರೆ ಸಲ ನುಡಿಸಿ ಮುದ್ರಿಸಿದವುಗಳಲ್ಲಿ, ಒಂದು ಗಂಭೀರವಾಗಿತ್ತು, ಇನ್ನೊಂದು ಲವಲವಿಕೆಯಿಂದ ಕೂಡಿತ್ತು. ಆದರೆ ಪೂರ್ತಿಯಾಗಿ ಕೇಳಿದಾಗ ಎರಡೂ ಏಕತಾನವೆನಿಸಿದವು. ಆದಿ ಮತ್ತು ಅಂತ್ಯಕ್ಕೆ ಗಂಭೀರವಾದುದನ್ನೂ ನಡುವೆ ಲವಲವಿಕೆಯದನ್ನೂ ಇಟ್ಟು ಜೋಡಿಸಿದಾಗ, ಆ ದಿನ ಸ್ಟುಡಿಯೋದಲ್ಲಿ ತಮ್ಮಿಂದ ಸಾಧ್ಯವಿದ್ದ ಯಾವುದೇ ನುಡಿಸಾಣಿಕೆಗಿಂತ ಮೇಲಾದುದು ದೊರೆಯಿತು ಎಂಬುದು ಅವರ ಅಭಿಪ್ರಾಯ. ಇಲ್ಲಿ ಸಾಮಾನ್ಯವಾಗಿ ಕಣ್ತಪ್ಪುವ ಒಂದು ಸಂಗತಿಯಿದೆ. ಆ ಜೋಡಣೆ ಸಾಧ್ಯವಾದದ್ದು ಎರಡೂ ಟೇಕ್‌ಗಳ ಕಾಲಪ್ರಮಾಣ ಬಹುತೇಕ ಒಂದೇ ಆಗಿದ್ದುದರಿಂದ. ವಾದಕನ ಲಯ ಗಟ್ಟಿಯಿದ್ದಲ್ಲಿ ಮಾತ್ರ ಬ್ಲೇಡಿಗೆ ಕೆಲಸವಿರುತ್ತದೆ.

ಇನ್ನು ತಂತ್ರಾಂಶವೇ ತಾಳಕ್ಕೆ ಕೂರಿಸಿಕೊಡುತ್ತದೆ ಎಂಬ ಎರಡನೆಯ ವಾದಕ್ಕೆ ಬರುತ್ತೇನೆ. ಯಾವುದೇ ಸೀಕ್ವೆನ್ಸರ್, ಅಂದರೆ ಸಂಗೀತವನ್ನು ಜೋಡಿಸುವ ತಂತ್ರಾಂಶ, ತೆರೆದರೂ ಸಾಮಾನ್ಯವಾಗಿ ಮೊದಲಿಗೆ ಕಾಣುವುದು ನಿಮಿಷಕ್ಕೆ 120 ಬೀಟ್ (ತಾಳದ ಪೆಟ್ಟು), ಬಾರ್ (ಪೆಟ್ಟುಗಳ ಒಂದು ಸುತ್ತು) ಒಂದಕ್ಕೆ ನಾಲ್ಕು ಬೀಟ್ ಎಂಬ ಸಿದ್ಧ ಚೌಕಟ್ಟು. ಇದರ ಹಿಂದೆ ಯಾರ ದುರುದ್ದೇಶವೂ ಇಲ್ಲ. ವಿವಿಧ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡಿಕೊಳ್ಳಲೆಂದು ಮಿಡಿ ಎಂಬ ಶಿಷ್ಟತೆ 1983ರಲ್ಲಿ ಬಂತು. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಸಂಸ್ಥೆ 1989ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಕ್ಯೂಬೇಸ್ ಹೊರತಂದಿತು. ಎಡದಿಂದ ಬಲಕ್ಕೆ ಕಾಲ, ಮೇಲಿನಿಂದ ಕೆಳಕ್ಕೆ ಟ್ರ್ಯಾಕ್‌ಗಳು, ನಡುವೆ ಬಣ್ಣದ ಪಟ್ಟಿಗಳಾಗಿ ಸಂಗೀತದ ತುಂಡುಗಳು ಎಂಬ ವಿನ್ಯಾಸ ಜನಪ್ರಿಯವಾದದ್ದು ಮುಖ್ಯವಾಗಿ ಅದರಿಂದ. ಬರ್ಲಿನ್‌ನ ಏಬಲ್‌ಟನ್ ಸಂಸ್ಥೆ 2001ರಲ್ಲಿ ತಂದ ಲೈವ್ ಎಂಬ ತಂತ್ರಾಂಶ ಟೈಮ್‌ಲೈನ್ ಜೊತೆಗೆ ಇನ್ನೊಂದು ನೋಟವನ್ನೂ ಕೊಟ್ಟಿತು. ಅದರಲ್ಲಿ ಕ್ಲಿಪ್‌ಗಳು ಚೌಕಾಕಾರದ ಮನೆಗಳಲ್ಲಿ ಕೂತಿರುತ್ತವೆ, ಬೇಕಾದುದನ್ನು ಒತ್ತಿದರೆ ಅದು ಮುಂದಿನ ಬಾರ್ ಬರುವವರೆಗೆ ಕಾದು ನುಡಿಯತೊಡಗುತ್ತದೆ. ಇವರೆಲ್ಲ ತಮ್ಮ ಸುತ್ತಮುತ್ತಲಿನ ಸಂಗೀತಕ್ಕೆ ಹೊಂದುವಂತೆ ಉಪಕರಣವನ್ನು ಕಟ್ಟಿದರು. ನಮ್ಮ ಸಂಗೀತಕ್ಕೆ ಅದನ್ನು ಹೊಂದಿಸಿಕೊಳ್ಳುವ ಹೊಣೆ ನಮ್ಮದು, ಮತ್ತು ಹಾಗೆ ಹೊಂದಿಸಿಕೊಳ್ಳಲು ಬೇಕಾದ ಬಹುತೇಕ ಸೌಲಭ್ಯಗಳು ಅದರೊಳಗೇ ಇವೆ.

ಸರಳವಾದ ಉದಾಹರಣೆಯೆಂದರೆ ಏಳು ಅಕ್ಷರಗಳ, ಅಂದರೆ ಏಳು ಎಣಿಕೆಗಳ, ಮಿಶ್ರಛಾಪು ತಾಳ. ಅದರಲ್ಲಿರುವ ಒಂದು ಹಾಡನ್ನು ನಾಲ್ಕು ಬೀಟಿನ ಗ್ರಿಡ್ ಮೇಲೆ ಹಾಗೆಯೇ ಹಾಕಿಕೊಂಡರೆ ಆವರ್ತನದ (ತಾಳದ ಒಂದು ಸುತ್ತಿನ) ಆರಂಭವೂ ಬಾರ್‌ನ ಆರಂಭವೂ ಕೂಡುವುದು 28 ಅಕ್ಷರಗಳಿಗೊಮ್ಮೆ, ಅಂದರೆ ನಾಲ್ಕು ಆವರ್ತನಗಳಿಗೊಮ್ಮೆ ಮಾತ್ರ. ನಡುವಿನ ಮೂರು ಆವರ್ತನಗಳಲ್ಲಿ ಪರದೆಯ ಗೆರೆ ಎಲ್ಲೋ, ಆವರ್ತನದ ಮೊದಲ ಪೆಟ್ಟಾದ ಸಮ ಎಲ್ಲೋ. ಹೀಗಿರುವಾಗ ಸ್ನ್ಯಾಪ್ ಚಾಲೂ ಇಟ್ಟುಕೊಂಡು ಅನುಪಲ್ಲವಿಯ ಕ್ಲಿಪ್ ಅನ್ನು ಸರಿಸಿದರೆ ಅದು ಹತ್ತಿರದ ಗೆರೆಗೆ ಅಂಟಿಕೊಳ್ಳುತ್ತದೆ. ಆ ಗೆರೆ ತಾಳದ ಮೂರನೆಯ ಅಕ್ಷರವೋ ಆರನೆಯದೋ ಆಗಿರಬಹುದು. ನೋಡಲು ಎಲ್ಲವೂ ಅಚ್ಚುಕಟ್ಟು, ಕೇಳಲು ಅಪತಾಳ. ಕ್ಲಿಪ್‌ಗಳನ್ನು ಒತ್ತಿ ನುಡಿಸುವ ಲೈವ್‌ನ ನೋಟದಲ್ಲಂತೂ ಏಳರ ಕ್ಲಿಪ್ ನಾಲ್ಕರ ಬಾರ್‌ಗೆ ಕಾಯುತ್ತಾ ಪ್ರತಿ ಸಲವೂ ಬೇರೆ ಬೇರೆ ಅಕ್ಷರದಲ್ಲಿ ಎದ್ದು ನಿಲ್ಲುತ್ತದೆ. ಆರಂಭದಲ್ಲೇ ಬಾರ್ ಒಂದಕ್ಕೆ ಏಳು ಎಂದು ನಮೂದಿಸಿಕೊಂಡರೆ ಇದಿಷ್ಟೂ ತಪ್ಪುತ್ತದೆ. ಅದು ಅರ್ಧ ನಿಮಿಷದ ಕೆಲಸ. ಆದರೆ ಹಾಡು ಏಳರದು ಎಂದು ಕಿವಿ ಹೇಳಬೇಕು, ತಂತ್ರಾಂಶ ಹೇಳುವುದಿಲ್ಲ.

ಸುಗಮ ಸಂಗೀತದಲ್ಲಿ ತಬಲಾದವರು ನುಡಿಸುವ ಏಳು ಮಾತ್ರೆಯ ರೂಪಕ್ ಇನ್ನೂ ಸೂಕ್ಷ್ಮವಾದದ್ದು. ಮೂರು, ಎರಡು, ಎರಡು ಎಂದು ವಿಭಾಗವಾಗುವ ಆ ತಾಳದಲ್ಲಿ ಸಮವು ಖಾಲಿಯ, ಅಂದರೆ ಒತ್ತಿಲ್ಲದ ಪೆಟ್ಟಿನ, ಮೇಲೇ ಬೀಳುತ್ತದೆ. ಎಡಗೈಯ ಗುಂಗು ಕೇಳಿಸುವುದು ನಾಲ್ಕನೆಯ ಮಾತ್ರೆಯಿಂದ. ಹಾಡುವವರಿಗೆ ತಾಳ ತೋರಿಸುವ ಸೀಕ್ವೆನ್ಸರಿನ ಕ್ಲಿಕ್ ಮಾತ್ರ ಬಾರ್‌ನ ಮೊದಲ ಬೀಟನ್ನೇ ಎಲ್ಲಕ್ಕಿಂತ ಜೋರಾಗಿ ಬಡಿಯುತ್ತದೆ. ಆ ಕ್ಲಿಕ್ ಕೇಳುತ್ತಾ ಹಾಡುವ ಗಾಯಕಿ ತನಗರಿವಿಲ್ಲದೆಯೇ ಖಾಲಿಯ ಮೇಲೆ ಒತ್ತು ಹಾಕತೊಡಗುತ್ತಾರೆ. ಬೀಟ್‌ಗಳನ್ನು ತಾನೇ ಹುಡುಕಿಕೊಡುವ ಸೌಲಭ್ಯವೂ ಗಟ್ಟಿಯಾದ ಪೆಟ್ಟನ್ನೇ ಆವರ್ತನದ ಆರಂಭವೆಂದು ಊಹಿಸಿ ಬಾರ್ ಗೆರೆಯನ್ನು ನಾಲ್ಕನೆಯ ಮಾತ್ರೆಯ ಮೇಲೆ ಎಳೆಯುವ ಸಂಭವವಿದೆ. ನನ್ನ ಅಭಿಪ್ರಾಯದಲ್ಲಿ ಇಂತಹ ಹಾಡುಗಳಿಗೆ ಕ್ಲಿಕ್ ಬದಲು ಠೇಕಾದ, ಅಂದರೆ ತಾಳದ ಮೂಲ ತಬಲಾ ನುಡಿಕೆಯ, ಒಂದು ತಾತ್ಕಾಲಿಕ ಟ್ರ್ಯಾಕ್ ಹಾಕಿಕೊಟ್ಟು ಹಾಡಿಸುವುದೇ ಮೇಲು.

ಎಡುಪಿನ, ಅಂದರೆ ಹಾಡು ತಾಳದಲ್ಲಿ ಎತ್ತಿಕೊಳ್ಳುವ ಜಾಗದ, ವಿಷಯ ಎಲ್ಲಕ್ಕಿಂತ ಹೆಚ್ಚು ತೊಡಕಿನದು, ಹೆಚ್ಚಿನವರು ಹಾಡು ಕೆಡಿಸಿಕೊಳ್ಳುವುದೂ ಇಲ್ಲಿಯೇ. ನಮ್ಮ ಎಷ್ಟೋ ರಚನೆಗಳು ಸಮದ ಮೇಲೆ ಆರಂಭವಾಗುವುದಿಲ್ಲ. ಆದಿತಾಳದಲ್ಲಿ ಸಮವಾದ ಮೇಲೆ ಅರ್ಧ ಅಕ್ಷರವೋ ಒಂದೂವರೆ ಅಕ್ಷರವೋ ಬಿಟ್ಟು ಸಾಹಿತ್ಯ ಎತ್ತಿಕೊಳ್ಳುತ್ತದೆ. ನಿಮಿಷಕ್ಕೆ 60 ಅಕ್ಷರಗಳ ಕಾಲಪ್ರಮಾಣವಿದ್ದರೆ ಆ ಅರ್ಧ ಅಕ್ಷರವೆಂದರೆ ಅರ್ಧ ಸೆಕೆಂಡು. ಇದಲ್ಲದೆ ಸಾಹಿತ್ಯದ ಮೊದಲ ಅಕ್ಷರಕ್ಕೂ ಮುಂಚೆ ಗಾಯಕರು ಎಳೆದುಕೊಂಡ ಉಸಿರು ಕ್ಲಿಪ್‌ನಲ್ಲಿರುತ್ತದೆ. ಅಂತಹ ಕ್ಲಿಪ್ ಅನ್ನು ಬಾರ್ ಗೆರೆಗೆ ಅಂಟಿಸಿದರೆ ಸಮಕ್ಕೆ ಬಂದು ಕೂರುವುದು ಉಸಿರಿನ ಆರಂಭ. ಹಾಡಿನ ಎತ್ತುಗಡೆ ಉಸಿರಿನ ಉದ್ದವನ್ನು ಅವಲಂಬಿಸಿ ಪ್ರತಿ ಬಾರಿಯೂ ಬೇರೆಯಾಗುತ್ತದೆ. ಇದಕ್ಕೆ ಹೆದರಿ ಉಸಿರನ್ನೇ ಕತ್ತರಿಸಿ ಎಸೆಯುವವರನ್ನು ಕಂಡಿದ್ದೇನೆ. ಉಸಿರಿಲ್ಲದ ಹಾಡು ಕೇಳುವವರಿಗೂ ಉಸಿರುಗಟ್ಟಿಸುತ್ತದೆ. ಪರಿಹಾರ ತಂತ್ರಾಂಶದಲ್ಲೇ ಇದೆ: ಕ್ಲಿಪ್‌ನ ಎಡ ಅಂಚಿನ ಬದಲು ಅದರೊಳಗಿನ ಒಂದು ಬಿಂದುವನ್ನು ಗುರುತಿಸಿ, ಸ್ನ್ಯಾಪ್ ಮಾಡುವಾಗ ಆ ಬಿಂದುವನ್ನೇ ಗೆರೆಗೆ ಹೊಂದಿಸು ಎಂದು ಹೇಳಬಹುದು. ಆರ್ಡೋರ್ ಮತ್ತು ಪ್ರೋ ಟೂಲ್ಸ್‌ನಲ್ಲಿ ಅದು ಸಿಂಕ್ ಪಾಯಿಂಟ್, ಕ್ಯೂಬೇಸ್‌ನಲ್ಲಿ ಸ್ನ್ಯಾಪ್ ಪಾಯಿಂಟ್, ರೀಪರ್‌ನಲ್ಲಿ ಸ್ನ್ಯಾಪ್ ಆಫ್‌ಸೆಟ್. ಕ್ಲಿಪ್‌ನೊಳಗೆ ಸಮ ಬೀಳುವ ಜಾಗದಲ್ಲಿ ಆ ಗುರುತನ್ನು ಇಟ್ಟುಬಿಟ್ಟರೆ ಉಸಿರು, ಎಡುಪು, ಸಮ ಮೂರೂ ತಮ್ಮ ಸಂಬಂಧವನ್ನು ಉಳಿಸಿಕೊಂಡೇ ಕ್ಲಿಪ್ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಈ ಒಂದು ಸೌಲಭ್ಯವನ್ನು ತಿಳಿದವರು ಬಹಳ ಕಡಿಮೆ. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳು ಬಹುತೇಕ ಬಾರ್ ಗೆರೆಯ ಮೇಲೇ ಆರಂಭವಾಗುವ ಲೂಪ್‌ಗಳನ್ನು (ಮತ್ತೆ ಮತ್ತೆ ನುಡಿಯುವ ತುಂಡುಗಳನ್ನು) ಮುಂದಿಟ್ಟುಕೊಂಡು ಮಾಡಿದವು; ಆ ಪಾಠ ಮಾಡುವವರಿಗೆ ಇದರ ಅಗತ್ಯ ಬೀಳುವುದೇ ಅಪರೂಪ.

ನಡೆಭೇದಗಳನ್ನು, ಅಂದರೆ ಒಂದು ಅಕ್ಷರವನ್ನು ಮೂರು, ನಾಲ್ಕು, ಐದು, ಏಳು, ಒಂಬತ್ತು ಪಾಲು ಮಾಡುವ ಬಗೆಗಳನ್ನು, ಕಂಪ್ಯೂಟರ್ ಹಿಡಿಯಲಾರದು ಎಂಬ ದೂರೂ ಇದೆ. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಹಲವು ಸೀಕ್ವೆನ್ಸರ್‌ಗಳು ಒಂದು ಬೀಟನ್ನು 960 ಭಾಗಗಳಾಗಿ ಎಣಿಸುತ್ತವೆ. ತಿಶ್ರಕ್ಕೆ 320, ಚತುರಶ್ರಕ್ಕೆ 240, ಖಂಡಕ್ಕೆ 192 ಭಾಗಗಳಂತೆ ನಿಶ್ಶೇಷವಾಗಿ ಹಂಚಿಹೋಗುತ್ತದೆ. ಮಿಶ್ರ ಮತ್ತು ಸಂಕೀರ್ಣಗಳು ಪೂರ್ಣಾಂಕಕ್ಕೆ ಬರುವುದಿಲ್ಲ, ನಿಜ. ಆದರೆ ನಿಮಿಷಕ್ಕೆ 60 ಬೀಟಿನ ಕಾಲಪ್ರಮಾಣದಲ್ಲಿ ಒಂದು ಭಾಗವೆಂದರೆ ಸುಮಾರು ಒಂದು ಮಿಲಿಸೆಕೆಂಡು, ಉಳಿಯುವ ತಪ್ಪು ಅದರ ಅರ್ಧಕ್ಕಿಂತ ಹೆಚ್ಚಿಲ್ಲ. ಅದನ್ನು ಹಿಡಿಯಬಲ್ಲ ಕಿವಿ ಮನುಷ್ಯರಲ್ಲಿಲ್ಲ. ಅಡ್ಡಿ ಇರುವುದು ಎಣಿಕೆಯಲ್ಲಲ್ಲ, ಗ್ರಿಡ್‌ನ ಮೆನುವಿನಲ್ಲಿ: ಎರಡರ ಪಾಲುಗಳನ್ನೂ ಮೂರರ ಪಾಲುಗಳನ್ನೂ ಎದುರಿಗಿಟ್ಟು, ಐದು ಏಳುಗಳನ್ನು ಎಲ್ಲೋ ಒಳಗಿಡುತ್ತಾರೆ ಅಥವಾ ಕೈಬಿಡುತ್ತಾರೆ. ಹಾಗೆಯೇ ಧಾರವಾಡದ ಕಡೆಯ ಸಂಗೀತಗಾರರು ಹಾಡುವ ಅತಿವಿಲಂಬಿತ ಖಯಾಲಿನಲ್ಲಿ ಒಂದು ಮಾತ್ರೆಯೇ ನಾಲ್ಕು ಸೆಕೆಂಡು ಹಿಡಿದರೆ ನಿಮಿಷಕ್ಕೆ ಆಗುವುದು 15 ಮಾತ್ರೆ. ಲೈವ್‌ನಲ್ಲಿ ಟೆಂಪೊ (ನಿಮಿಷದ ಬೀಟ್ ಸಂಖ್ಯೆ) 20ಕ್ಕಿಂತ ಕೆಳಗಿಳಿಯುವುದಿಲ್ಲ. ಆಗ ಮಾತ್ರೆಯ ಕಾಲುಭಾಗವನ್ನು ಒಂದು ಬೀಟ್ ಎಂದು ಹಿಡಿದು ಟೆಂಪೊ 60 ಎಂದು ಕೊಟ್ಟುಕೊಂಡರಾಯಿತು. ತಬಲಾದವರು ಮಾತ್ರೆಗಳ ನಡುವೆ ತುಂಬುವುದೂ ಅಂಥದೇ ಪಾಲುಗಳನ್ನಲ್ಲವೇ?

ಇಷ್ಟೆಲ್ಲ ಹೇಳಿದರೂ ಟೆಂಪೊ ಒಂದೇ ಆಗಿದ್ದರೆ ಮಾತ್ರ ಇದು ನಡೆಯುತ್ತದೆ. ಕ್ಲಿಕ್ ಇಲ್ಲದೆ ಹಾಡಿದ ಜನಪದ ಗೀತೆ, ಭಾಗವತರ ಯಕ್ಷಗಾನದ ಪದ್ಯ, ಡೊಳ್ಳು ಕುಣಿತ ಯಾವುದೂ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಇರುವುದಿಲ್ಲ. ಡೊಳ್ಳಿನಲ್ಲಿ ವೇಗ ಏರುವುದೇ ಅದರ ಪ್ರಾಣ. ಇಂತಹ ಧ್ವನಿಮುದ್ರಿಕೆಯನ್ನು ಕೈಗೆತ್ತಿಕೊಂಡಾಗ ಸ್ನ್ಯಾಪ್ ಆರಿಸಿ, ಹಾಡನ್ನು ಕೇಳುತ್ತಾ ಕೈಯಲ್ಲಿ ತಾಳ ಹಾಕಿ, ಪ್ರತಿ ಆವರ್ತನದ ಸಮದ ಮೇಲೂ ಒಂದು ಗುರುತು ಹಾಕಿಕೊಂಡು, ಆಮೇಲೆ ಬಾರ್ ಗೆರೆಗಳನ್ನು ಆ ಗುರುತುಗಳಿಗೆ ಎಳೆದು ತರಬೇಕು. ಟೆಂಪೊ ಮ್ಯಾಪ್ ಎಂದು ಕರೆಯುವ ಈ ವಿಧಾನದಿಂದ ಗ್ರಿಡ್ಡೇ ಹಾಡಿನ ಜೊತೆ ಹಿಗ್ಗಿ ಕುಗ್ಗುತ್ತದೆ. ಧ್ವನಿಯ ಒಂದು ಕಣವೂ ಕದಲುವುದಿಲ್ಲ. ಕ್ಯೂಬೇಸ್, ರೀಪರ್, ಆರ್ಡೋರ್ ಎಲ್ಲದರಲ್ಲೂ ಇದು ಸಾಧ್ಯ. ಇದರ ಮೇಲೆ ಕೊಳಲೋ ತಂಬೂರಿಯೋ ಸೇರಿಸಿದರೆ ಅವು ಹಾಡಿನ ನಡಿಗೆಯನ್ನೇ ಅನುಸರಿಸುತ್ತವೆ.

ಹೆಚ್ಚಿನವರು ಮಾಡುವುದು ಇದಕ್ಕೆ ವಿರುದ್ಧವಾದುದನ್ನು. ಧ್ವನಿಯನ್ನೇ ಹಿಗ್ಗಿಸಿ ಕುಗ್ಗಿಸಿ ಸಮಾನ ಅಂತರದ ಗೆರೆಗಳಿಗೆ ಕೂರಿಸುತ್ತಾರೆ. ಲೈವ್‌ನಲ್ಲಂತೂ, ಸೆಟ್ಟಿಂಗ್ ಬದಲಿಸದ ಹೊರತು, ಉದ್ದನೆಯ ಧ್ವನಿಮುದ್ರಿಕೆಯೊಂದನ್ನು ಎಳೆದು ಹಾಕಿದೊಡನೆ ತಾನೇ ಬೀಟ್‌ಗಳನ್ನು ಊಹಿಸಿ ವಾರ್ಪ್ ಮಾಡಿಬಿಡುತ್ತದೆ, ಅಂದರೆ ಗೆರೆಗಳಿಗೆ ಎಳೆದು ಕೂರಿಸುತ್ತದೆ. ನೃತ್ಯಸಂಗೀತಕ್ಕೆ ಅದು ಹೇಳಿ ಮಾಡಿಸಿದ ಸೌಲಭ್ಯ, ಅದನ್ನು ಹಳಿಯುವುದು ಸಲ್ಲದು. ಆದರೆ ಗಮಕವಿರುವ ಧ್ವನಿಯನ್ನು ಹೀಗೆ ಎಳೆದಾಗ ಸ್ವರದ ಎತ್ತರ ಬದಲಾಗದಿದ್ದರೂ ಸ್ವರವನ್ನು ಅಲುಗಿಸುವ ಕಂಪಿತದ ವೇಗ ಬದಲಾಗುತ್ತದೆ, ಸ್ವರದಿಂದ ಸ್ವರಕ್ಕೆ ಸಾಗುವ ಜಾರು ನಿಧಾನವಾಗುತ್ತದೆ, ಮೃದಂಗದ ಚಾಪು ಎಂಬ ಪೆಟ್ಟು ಮೊಂಡಾಗುತ್ತದೆ. ಒಂದೆರಡು ಪ್ರತಿಶತದಷ್ಟು ಎಳೆದರೆ ಗೊತ್ತಾಗದೆ ಹೋಗಬಹುದು. ಹತ್ತು ಪ್ರತಿಶತಕ್ಕೆ ಹೋದಾಗ ರಾಗ ತಿಳಿದವರ ಹುಬ್ಬು ಗಂಟಿಕ್ಕುತ್ತದೆ.

ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ನಮ್ಮ ಭಾಷೆಯೇ ಬೇಕಾದಷ್ಟು ಜಾಗಗಳನ್ನು ಕೊಟ್ಟಿದೆ. ಕ, ಚ, ಟ, ತ, ಪ ಇಂತಹ ಅಕ್ಷರಗಳನ್ನು ಉಚ್ಚರಿಸುವಾಗ ಬಾಯಿ ಕ್ಷಣಮಾತ್ರ ಮುಚ್ಚಿಕೊಂಡು ಧ್ವನಿ ನಿಲ್ಲುತ್ತದೆ. ಅದೇ ಅಕ್ಷರ ಒತ್ತಾಗಿ ಬಂದಲ್ಲಿ, ಅಂದರೆ ಹಕ್ಕಿ, ಮುತ್ತು, ಅಪ್ಪ ಎಂಬಂತಹ ಪದಗಳಲ್ಲಿ, ಆ ಮೌನ ಇನ್ನೂ ಉದ್ದ. ಕತ್ತರಿ ಆ ಮೌನದೊಳಗೆ, ಅಕ್ಷರ ಸಿಡಿಯುವುದಕ್ಕೆ ಸ್ವಲ್ಪ ಮೊದಲು ಬಿದ್ದರೆ ಕೆಲವೇ ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಸಾಕು, ಯಾರಿಗೂ ತಿಳಿಯುವುದಿಲ್ಲ. ಸ, ಶ ಗಳಲ್ಲಿ ಇರುವುದು ಸುಯ್ಯೆನ್ನುವ ಸದ್ದಾದ್ದರಿಂದ ಅಲ್ಲಿಯೂ ಜೋಡಣೆ ಸುಲಭ. ಆದರೆ ಮ, ನ, ಲ, ರ ಗಳಲ್ಲಿ ಮತ್ತು ಎಳೆದ ಸ್ವರಗಳ ನಡುವೆ ಕೈ ಹಾಕದಿರುವುದು ಕ್ಷೇಮ. ಅನಿವಾರ್ಯವಾದಲ್ಲಿ ಪರದೆಯನ್ನು ಹಿಗ್ಗಿಸಿ, ಎರಡೂ ತುಂಡುಗಳ ಅಲೆಗಳು ಒಂದೇ ದಿಕ್ಕಿನಲ್ಲಿ ಸೊನ್ನೆಯ ಗೆರೆಯನ್ನು ದಾಟುವ ಜಾಗವನ್ನು ಹುಡುಕಬೇಕು. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯಲ್ಲಿ ಆ ಜಾಗ ಖಂಡಿತ ಸಿಗುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೆ. ಫೇಡ್‌ನ ಆಕಾರವೂ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ಧ್ವನಿಗಳು ಸೇರುವಲ್ಲಿ ಮಧ್ಯಬಿಂದುವಿನಲ್ಲಿ ಎರಡೂ 3 ಡೆಸಿಬಲ್ ಇಳಿಯುವ ಫೇಡ್ ಬೇಕು, ಇಲ್ಲದಿದ್ದರೆ ನಡುವೆ ಹಳ್ಳ ಬೀಳುತ್ತದೆ. ಒಂದೇ ಧ್ವನಿಯ ಮುಂದುವರಿಕೆ ಸೇರುವಲ್ಲಿ 6 ಡೆಸಿಬಲ್ ಇಳಿಯುವ ಸರಳರೇಖೆಯ ಫೇಡ್ ಬೇಕು, ಇಲ್ಲದಿದ್ದರೆ ಉಬ್ಬು ಕೇಳಿಸುತ್ತದೆ.

ನಮ್ಮ ಸಂಗೀತದಲ್ಲಿ ವಿಶೇಷವಾಗಿ ಎದುರಾಗುವ ಒಂದು ಕಷ್ಟವಿದೆ: ಶ್ರುತಿ. ತಂಬೂರಿಯ ನಾದ ಗಾಯಕರ ಮೈಕಿನೊಳಗೆ ಸೇರಿಹೋಗಿದ್ದರೆ ಎಷ್ಟೇ ಜಾಣತನದಿಂದ ಕತ್ತರಿಸಿದರೂ ಹಿನ್ನೆಲೆಯ ನಾದ ಆ ಜಾಗದಲ್ಲಿ ಕುಪ್ಪಳಿಸುತ್ತದೆ. ಪಂಚಮದ ತಂತಿ ಮಿಡಿದ ಬೆನ್ನಿಗೇ ಮತ್ತೆ ಪಂಚಮ ಮಿಡಿದಂತಾಗುತ್ತದೆ. ಧ್ವನಿ ಜೋಡಣೆಯಾಗಿದ್ದು ತಿಳಿಯದವರಿಗೂ ಅಲ್ಲೇನೋ ಆಯಿತೆಂದು ತಿಳಿಯುತ್ತದೆ. ಹೀಗಾಗಿ ಸಂಕಲನವು ಧ್ವನಿಮುದ್ರಣಕ್ಕೂ ಮುಂಚೆಯೇ ಆರಂಭವಾಗುತ್ತದೆ ಎಂದರೆ ತಪ್ಪಲ್ಲ: ಶ್ರುತಿಯನ್ನು ಗಾಯಕರ ಹೆಡ್‌ಫೋನಿಗೆ ಕೊಟ್ಟು, ತಂಬೂರಿಯನ್ನು ಬೇರೆ ಟ್ರ್ಯಾಕ್‌ನಲ್ಲಿ ಹಾಡಿನ ಪೂರ್ತಿ ಉದ್ದಕ್ಕೂ ತುಂಡರಿಸದೆ ಮುದ್ರಿಸಿಕೊಂಡರೆ, ಮೇಲಿನ ಧ್ವನಿಯಲ್ಲಿ ಉಳಿದ ಸಣ್ಣಪುಟ್ಟ ಜೋಡಣೆಯ ಗುರುತುಗಳನ್ನು ಆ ಅಖಂಡ ನಾದವೇ ಮುಚ್ಚಿಕೊಳ್ಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಹಾಡಲು ಹಿರಿಯ ಗಾಯಕರು ಒಪ್ಪುವುದಿಲ್ಲ ಎಂಬುದು ನಿಜ. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿರೆಂದು ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕ್ಲಿಪ್‌ಗಳ ನಕಲು ಮತ್ತು ಲೂಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಬಲಾದ ಒಂದು ಆವರ್ತನವನ್ನು ನಲವತ್ತು ಸಲ ಅಂಟಿಸಿದ ಹಾಡು ನಿರ್ಜೀವವಾಗಿರುತ್ತದೆ ಎಂಬ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಚರಣದ ಕೊನೆಯ ಆವರ್ತನದಲ್ಲಿ ತಿಹಾಯಿಯೋ (ಮೂರು ಸಲ ನುಡಿಸಿ ಸಮಕ್ಕೆ ಮುಗಿಸುವ ನುಡಿ) ಮುಕ್ತಾಯವೋ ಇಲ್ಲದಿದ್ದರೆ ಕೇಳುಗನಿಗೆ ಪಲ್ಲವಿಗೆ ಮರಳಿದ ಅನುಭವವೇ ಆಗುವುದಿಲ್ಲ. ಧ್ವನಿಯ ಬದಲು ನುಡಿಸುವ ಸೂಚನೆಗಳಿರುವ ಮಿಡಿ ಕ್ಲಿಪ್‌ಗಳಲ್ಲಿ ಇದನ್ನು ತಿದ್ದಲು ಹೊರಟವರು ಒಂದು ಎಚ್ಚರ ವಹಿಸಬೇಕು. ಕೆಲವು ನಕಲುಗಳು ಮೂಲಕ್ಕೆ ಅಂಟಿಕೊಂಡೇ ಇರುತ್ತವೆ. ಲಾಜಿಕ್‌ನ ಏಲಿಯಾಸ್, ಕ್ಯೂಬೇಸ್‌ನ ಶೇರ್ಡ್ ಕಾಪಿ ಅಂಥವು. ಅವುಗಳಲ್ಲಿ ಒಂದು ಕಡೆ ಪೆಟ್ಟಿನ ಬಲವನ್ನು 90ರಿಂದ 110ಕ್ಕೆ ಏರಿಸಿದರೆ ಎಲ್ಲ ಕಡೆಯೂ ಏರುತ್ತದೆ. ರಿಪಲ್ ಎಂಬ ಸೌಲಭ್ಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ: ಒಂದು ತುಂಡನ್ನು ತೆಗೆದೊಡನೆ ಅದರ ಬಲಗಡೆಯದೆಲ್ಲ ಎಡಕ್ಕೆ ಸರಿದು ಖಾಲಿಯನ್ನು ತುಂಬುತ್ತದೆ. ಅದು ಎಲ್ಲ ಟ್ರ್ಯಾಕ್‌ಗಳಿಗೂ ಅನ್ವಯವಾಗುತ್ತಿದೆಯೇ ಅಥವಾ ಆಯ್ದುಕೊಂಡ ಟ್ರ್ಯಾಕ್‌ಗೆ ಮಾತ್ರವೇ ಎಂದು ನೋಡದೆ ಒತ್ತಿದರೆ ಗಾಯನ ಒಂದು ಆವರ್ತನದಲ್ಲೂ ತಬಲಾ ಮುಂದಿನದರಲ್ಲೂ ಇರುತ್ತದೆ. ಏಳರ ತಾಳದಲ್ಲಿ ಪೂರ್ತಿ ಆವರ್ತನವನ್ನೇ ತೆಗೆದಿದ್ದರೆ ತಾಳ ಕೂಡಿಯೇ ಕೂಡುತ್ತದಾದ್ದರಿಂದ, ಚರಣದ ಕೊನೆಯ ತಿಹಾಯಿ ತಪ್ಪು ಜಾಗದಲ್ಲಿ ಕೇಳುವವರೆಗೂ ಈ ದೋಷ ಬೆಳಕಿಗೆ ಬರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಜೋಡಿಸಬಹುದೇ ಎಂದು ಕೇಳಿದರೆ, ಕೂಡದು ಎಂದೇ ನನ್ನ ಉತ್ತರ. ಹಲವು ಟೇಕ್‌ಗಳಿಂದ ಸಾಲುಸಾಲಾಗಿ ಆರಿಸಿ ಒಂದು ಹಾಡನ್ನು ಕಟ್ಟುವುದು ಭಾವಗೀತೆಯಲ್ಲಿ ಸಮ್ಮತ; ಅಲ್ಲಿ ರಾಗಸಂಯೋಜನೆ ಮೊದಲೇ ನಿಗದಿಯಾಗಿರುತ್ತದೆ, ಯಾವ ಟೇಕ್‌ನ ಎರಡನೆಯ ಸಾಲಾದರೂ ಅದೇ ಸಾಲೇ. ಕೃತಿಯ ಸಂಗತಿಗಳಿಗೂ (ಒಂದೇ ಸಾಲಿನ ನಿಗದಿತ ಮಾರ್ಪಾಡುಗಳಿಗೂ) ಬಹುಮಟ್ಟಿಗೆ ಇದು ಸಲ್ಲುತ್ತದೆ. ಆದರೆ ರಾಗಾಲಾಪನೆ, ನೆರವಲು, ಕಲ್ಪನಾಸ್ವರಗಳಲ್ಲಿ ಪ್ರತಿ ಸಂಚಾರವೂ ಅದರ ಹಿಂದಿನ ಸಂಚಾರಕ್ಕೆ ಉತ್ತರವಾಗಿ ಹುಟ್ಟುತ್ತದೆ. ಎರಡನೆಯ ಟೇಕ್‌ನಲ್ಲಿ ಹುಟ್ಟಿದ ಉತ್ತರವನ್ನು ಐದನೆಯ ಟೇಕ್‌ನ ಪ್ರಶ್ನೆಗೆ ಅಂಟಿಸಿದರೆ ಶ್ರುತಿ, ತಾಳ ಎರಡೂ ಶುದ್ಧವಾಗಿದ್ದರೂ ಮಾತು ಅಸಂಬದ್ಧವಾಗುತ್ತದೆ. ಸ್ಥಳದಲ್ಲೇ ಕಲ್ಪಿಸಿ ಹಾಡುವ ಈ ಮನೋಧರ್ಮದ ಭಾಗವನ್ನು ಒಂದೇ ಟೇಕ್‌ನಲ್ಲಿ, ಅದರ ಕುಂದುಗಳ ಸಮೇತ ಇಟ್ಟುಕೊಳ್ಳುವುದೇ ಗೌರವ. ಮಧ್ಯೆ ಯಾರೋ ಕೆಮ್ಮಿದ್ದನ್ನು ತೆಗೆಯುವುದು ಬೇರೆ ಮಾತು. ಯಾವ ಟೇಕ್ ಎಲ್ಲಿ ಸೇರಿತು ಎಂಬುದನ್ನು ಹಾಡಿದವರಿಗೆ ತೋರಿಸಿ ಒಪ್ಪಿಗೆ ಪಡೆಯುವುದೂ ಸಂಕಲನದ ಒಂದು ಅಂಗವೆಂದು ನಾನು ತಿಳಿದಿದ್ದೇನೆ. ಕಡತಗಳಿಗೆ ಆಡಿಯೋ 1, ಆಡಿಯೋ 2 ಎಂದು ಬಿಡದೆ ಪಲ್ಲವಿ, ಮೂರನೆಯ ಟೇಕ್ ಎಂಬಂತೆ ಹೆಸರಿಟ್ಟಿದ್ದರೆ ಮಾತ್ರ ಹಾಗೆ ತೋರಿಸಲು ಸಾಧ್ಯ.

ನಮ್ಮ ಸಂಗೀತ ಶಾಲೆಗಳಲ್ಲಿ ತಾಳ ಕಲಿಸುವವರು ಕಂಪ್ಯೂಟರ್ ಕಡೆಗೆ ಬರುವುದು ಕಡಿಮೆ, ತಂತ್ರಾಂಶ ಕಲಿಸುವ ತರಬೇತಿ ಕೇಂದ್ರಗಳಲ್ಲಿ ತಾಳದ ಮಾತು ಬರುವುದು ಅದಕ್ಕಿಂತಲೂ ಕಡಿಮೆ. ಈ ಎರಡನ್ನೂ ಒಂದೇ ಕೊಠಡಿಗೆ ತರುವುದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಆಡಾಸಿಟಿ ಉಚಿತವಾಗಿ ಸಿಗುತ್ತದೆ. ಪಾಲ್ ಡೇವಿಸ್ ಅವರು ಆರಂಭಿಸಿದ ಆರ್ಡೋರ್ ಮುಕ್ತ ತಂತ್ರಾಂಶ, ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಹಣ ಕೊಡದೆ ಹಾಕಿಕೊಳ್ಳಬಹುದು. ಶಾಲೆಯ ಹಳೆಯ ಕಂಪ್ಯೂಟರ್, ಒಂದು ಸಾಧಾರಣ ಮೈಕು, ಒಂದು ಜೊತೆ ಹೆಡ್‌ಫೋನ್ ಇದ್ದರೆ ಪಾಠ ಶುರುಮಾಡಬಹುದು. ಸಂಗೀತದ ಪದವಿ ತರಗತಿಗಳ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆಯೆಂದರೆ, ಸಂಕಲನಕ್ಕೂ ಒಂದು ಪ್ರಾಯೋಗಿಕ ಪರೀಕ್ಷೆ ಇಡಬೇಕು ಮತ್ತು ಅದನ್ನು ಲಯದ ಪರೀಕ್ಷೆಯ ಭಾಗವಾಗಿಯೇ ಇಡಬೇಕು ಎಂಬುದು. ಸಮದಿಂದಾಚೆ ಎಡುಪಿರುವ, ಕ್ಲಿಕ್ ಇಲ್ಲದೆ ಹಾಡಿದ ಮಿಶ್ರಛಾಪಿನ ಒಂದು ರಚನೆಯನ್ನು ವಿದ್ಯಾರ್ಥಿಯ ಮುಂದಿಟ್ಟು, ಅನುಪಲ್ಲವಿಯಲ್ಲಿ ಎರಡು ಸಲ ಹಾಡಿರುವ ಸಾಲನ್ನು ಒಂದು ಸಲಕ್ಕೆ ಇಳಿಸಿಕೊಡಲು ಹೇಳಬೇಕು. ಪರೀಕ್ಷಕರು ಪರದೆಯ ಕಡೆ ನೋಡದೆ ಕೈಯಲ್ಲಿ ತಾಳ ಹಾಕುತ್ತಾ ಕೇಳಿ, ತಮ್ಮ ಕೈ ಎಲ್ಲಿಯೂ ತಡವರಿಸದಿದ್ದರೆ ಪೂರ್ಣ ಅಂಕ ಕೊಡಬೇಕು.

ಇತಿ,
ತಮ್ಮ ವಿಶ್ವಾಸಿ ಓದುಗ,
ಧ್ವನಿ ಸಂಕಲನಕಾರ, ಶಿವಮೊಗ್ಗ